ಶಿಲ್ಪ ಬೇಕೆಂದರೆ ನೆರಳನ್ನು ಉಳಿಸಿಕೊಳ್ಳಿ
ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಮೊಬೈಲ್ ಹಿಡಿದು ಹೊರಟವರಿಗೆ

ಹೊರಡುವ ಹಿಂದಿನ ದಿನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ನಾಣ್ಯವಿಟ್ಟು, ಮೊಬೈಲಿನ ಫ್ಲ್ಯಾಶ್ ಹಾಕಿ ಚಿತ್ರ ತೆಗೆಯಿರಿ. ಆಮೇಲೆ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ನಾಣ್ಯವನ್ನು ಸವರಿಕೊಂಡು ಹೋಗುವ ಹಾಗೆ ಇನ್ನೊಂದು ತೆಗೆಯಿರಿ. ಮೊದಲನೆಯದರಲ್ಲಿ ಹೊಳೆಯುವ ಬಿಲ್ಲೆಯೊಂದು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಎರಡನೆಯದರಲ್ಲಿ ಸಿಂಹದ ಕೇಸರ, ಅಂಕಿ, ಅಂಚಿನ ಗೆರೆ ಎಲ್ಲವೂ ಎದ್ದು ಬರುತ್ತವೆ. ಉಬ್ಬು ಕೆತ್ತನೆ ನಮಗೆ ಕಾಣುವುದೇ ಅದರ ಪಕ್ಕದಲ್ಲಿ ಬೀಳುವ ನೆರಳಿನಿಂದ.

ಈಗಿನ ಮೊಬೈಲುಗಳಿಗೆ ನೆರಳೆಂದರೆ ಆಗುವುದಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ಅವು ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಹೊಂದಿಸಿ, ಕಪ್ಪಾದ ಭಾಗವನ್ನು ಬೆಳಗಿಸಿ, ಬೆಳ್ಳಗಾದ ಭಾಗವನ್ನು ತಗ್ಗಿಸಿ ಕೈಗೆ ಕೊಡುತ್ತವೆ. ಎಚ್‌ಡಿಆರ್ ಎಂದು ಕರೆಯುವುದು ಇದನ್ನೇ. ಮಕ್ಕಳ ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಇದು ದೊಡ್ಡ ಉಪಕಾರ. ಆದರೆ ಬಳಪದ ಕಲ್ಲಿನಲ್ಲಿ ಬೆರಳು ತೂರುವಷ್ಟು ಆಳಕ್ಕೆ ಕೊರೆದು, ಆ ಕತ್ತಲಿನ ಮುಂದೆ ಬಳ್ಳಿಯ ಎಳೆಯನ್ನು ನಿಲ್ಲಿಸಿದ ಶಿಲ್ಪಿಯ ಕೆಲಸದ ಮುಂದೆ ಈ ಉಪಕಾರ ತಿರುಗಿ ಬೀಳುತ್ತದೆ. ಕತ್ತಲು ಬೂದಿಯಾಗುತ್ತದೆ, ಬಳ್ಳಿ ಗೋಡೆಗೆ ಅಂಟಿಕೊಳ್ಳುತ್ತದೆ. ಮುಂದಿನ ಹಂತಗಳೆಲ್ಲ ಆ ಕತ್ತಲನ್ನು ಕಾಪಾಡುವ ಉಪಾಯಗಳು.

ಮೊದಲ ಹಂತ: ಗೋಡೆಗೊಂದು ಹೊತ್ತು

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರೂ ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಇಷ್ಟು ತಿಳಿದಿದ್ದರೆ ದಿನದ ವೇಳಾಪಟ್ಟಿ ಅರ್ಧ ಸಿದ್ಧವಾದಂತೆ. ಬೆಳಗಿನ ಬಿಸಿಲು ಮುಂಬಾಗಿಲಿಗೆ ನೇರವಾಗಿ ಬೀಳುತ್ತದೆ. ಗುಡಿಯ ಮುಂದೆ ಮನೆಯವರನ್ನೆಲ್ಲ ಸೇರಿಸಿ ತೆಗೆಯುವ ಚಿತ್ರಕ್ಕೆ ಅದು ಸರಿ, ಉಬ್ಬು ಶಿಲ್ಪಕ್ಕೆ ಸಾಲದು. ಶಿಲ್ಪಕ್ಕೆ ಬೇಕಾದದ್ದು ಓರೆ ಬಿಸಿಲು.

ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು. ಹಾಗಾಗಿ ಚಳಿಗಾಲದ ಬೆಳಗಿನಲ್ಲಿ ದಕ್ಷಿಣದ ಗೋಡೆಯ ಮೇಲೆ ಬಿಸಿಲು ಸವರಿಕೊಂಡು ಹೋಗುತ್ತದೆ. ಪ್ರತಿ ಮೂಗಿಗೂ ಪ್ರತಿ ಹಾರದ ಮಣಿಗೂ ಒಂದೊಂದು ನೆರಳು ಹುಟ್ಟುವ ಹೊತ್ತು ಅದು. ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೇ ವಾಲಿರುವುದರಿಂದ ಆ ಗೋಡೆ ದಿನವಿಡೀ ಬೆಳಗಿರುತ್ತದೆ, ಉತ್ತರದ ಗೋಡೆಗೆ ಬಿಸಿಲು ಹೆಚ್ಚುಕಡಿಮೆ ಸೋಕುವುದೇ ಇಲ್ಲ. ಜೂನ್‌ನಲ್ಲಿ ಲೆಕ್ಕ ತಲೆಕೆಳಗು. ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಓರೆ ಬಿಸಿಲಿನ ಭಾಗ್ಯ ಉತ್ತರದ ಗೋಡೆಗೆ. ಆ ತಿಂಗಳು ಹಾಸನದ ಕಡೆ ಮೋಡ ಬಿಡುವು ಕೊಟ್ಟರೆ ಮಾತ್ರ ಎನ್ನುವುದು ಬೇರೆ ಮಾತು.

ಏಪ್ರಿಲ್ ಕೊನೆಯ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಬೇಲೂರಿನ ಅಗಲವಾದ ಸೂರಿನ ಕೆಳಗಿರುವ ಮದನಿಕೆಯರೆಂಬ ಶಿಲಾಬಾಲಿಕೆಯರೆಲ್ಲ ಆಗ ನೆರಳಿನಲ್ಲಿ ಮುಳುಗಿರುತ್ತಾರೆ. ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ, ಮೇಲೆ ಚಪ್ಪಲಿ ಹಾಕುವಂತಿಲ್ಲ, ಅಂಗಾಲಿಗೆ ಕಾದ ಕಲ್ಲು. ಅಂಥ ಹೊತ್ತಿನಲ್ಲಿ ಕೈ ನಡುಗದೆ ಚಿತ್ರ ತೆಗೆದವರನ್ನು ನಾನು ಕಂಡಿಲ್ಲ. ಆ ಸಮಯವನ್ನು ಊಟಕ್ಕೆ ಬಿಡುವುದೇ ಜಾಣತನ.

ಹಳೇಬೀಡಿನಲ್ಲಿ ಗುಡಿಯ ಹಿಂಬದಿಯ ಗೋಡೆಯನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ. ದೊಡ್ಡ ದೇವತಾಮೂರ್ತಿಗಳ ಸಾಲು ಇರುವುದು ಅಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ. ಸಂಜೆಯ ಬಿಸಿಲು ನೇರವಾಗಿ ಬಡಿಯುವವರೆಗೂ ಕಾಯುವವರೇ ಹೆಚ್ಚು, ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ ಎಂದು. ಬಣ್ಣ ಬರುತ್ತದೆ ನಿಜ, ಆದರೆ ನೆರಳು ಕರಗಿರುತ್ತದೆ. ನನ್ನ ಮತ ಕೇಳಿದರೆ, ಬಿಸಿಲು ಆಗಷ್ಟೇ ಗೋಡೆಯ ಅಂಚು ದಾಟಿ ಮುಂದಕ್ಕೆ ಇಣುಕುವ ಹೊತ್ತು ಅದಕ್ಕಿಂತ ಮೇಲು.

ಇನ್ನೊಂದು ಅನುಕೂಲವಿದೆ. ಈ ಗೋಡೆಗಳು ನೇರವಾಗಿಲ್ಲ, ನಕ್ಷತ್ರದ ಮೂಲೆಗಳಂತೆ ಮಡಿಚಿಕೊಂಡು ಹೋಗಿವೆ. ಒಂದು ಮುಖಕ್ಕೆ ಬಿಸಿಲು ನೇರವಾಗಿದ್ದರೆ ಪಕ್ಕದ ಮುಖಕ್ಕೆ ಅದೇ ಬಿಸಿಲು ಓರೆ. ನಿಮಗೆ ಬೇಕಾದ ಮೂರ್ತಿ ಈಗ ಸಪ್ಪೆಯಾಗಿ ಕಂಡರೆ ಗುಡಿಗೆ ಒಂದು ಸುತ್ತು ಬನ್ನಿ. ಅಷ್ಟರಲ್ಲಿ ಬೆಳಕು ಒಂದಿಷ್ಟು ಸರಿದಿರುತ್ತದೆ.

ಮೋಡ ಕವಿದ ದಿನ ನಿರಾಶೆ ಬೇಡ. ಹಳೇಬೀಡಿನ ತಳಪಟ್ಟಿಯ ಆನೆಗಳ ಸಾಲಿನಂಥ ತೆಳು ಉಬ್ಬಿಗೆ ಮೋಡದ ಬೆಳಕು ಮಂಕು ಬಡಿಸುತ್ತದೆ. ಆದರೆ ಆಳವಾಗಿ ಕೊರೆದ ದೊಡ್ಡ ಮೂರ್ತಿಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮಳೆ ನಿಂತ ಕೂಡಲೇ ಹೋದರೆ ಇನ್ನೂ ಒಳ್ಳೆಯದು, ನೆಂದ ಕಲ್ಲು ಕಪ್ಪಾಗಿ ಅಂಚುಗಳು ಮಿರುಗುತ್ತವೆ.

ಎರಡನೆಯ ಹಂತ: ಒರೆಸಿ, ಗೆರೆ ಹಾಕಿ

ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದರೆ ಬಿಸಿಲಿನಲ್ಲಿ ಚಿತ್ರಕ್ಕೆ ಮಂಜು ಕವಿಯುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಚಾಲೂ ಮಾಡಿ, ಕಂಬಗಳು ವಾಲದಂತೆ ಹಿಡಿಯಲು ಅದು ಸಹಾಯ ಮಾಡುತ್ತದೆ. ಫ್ಲ್ಯಾಶ್ ಪೂರ್ತಿ ಆರಿಸಿ. ದೃಶ್ಯವನ್ನು ಗುರುತಿಸಿ ತಾನಾಗಿಯೇ ಬಣ್ಣ ಹೆಚ್ಚಿಸುವ ಆಯ್ಕೆ ಇದ್ದರೆ ಅದನ್ನೂ ಆರಿಸಿ.

ಮೂರನೆಯ ಹಂತ: ಹಿಂದೆ ಸರಿದು ನಿಲ್ಲಿ

ಮದನಿಕೆಯರನ್ನು ಸೂರಿನ ಕೆಳಗೆ ಮುಂದಕ್ಕೆ ವಾಲಿಸಿ ಕೂರಿಸಿದ್ದಾರೆ, ಕೆಳಗೆ ನಿಂತವರಿಗೆ ಮುಖ ಕಾಣಲಿ ಎಂದು. ಆದರೂ ಗೋಡೆಯ ಬುಡದಲ್ಲೇ ನಿಂತು ಮೊಬೈಲನ್ನು ಮೇಲೆತ್ತಿ ತೆಗೆದರೆ ಕಾಲು ದೊಡ್ಡದಾಗಿ ತಲೆ ಚಿಕ್ಕದಾಗಿ ಬರುತ್ತದೆ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು, ಹತ್ತಿರ ಇರುವುದನ್ನು ಅದು ಹಿಗ್ಗಿಸುತ್ತದೆ. 0.5 ಎಕ್ಸ್ ಎಂದು ತೋರಿಸುವ ಅತಿ ಅಗಲದ ಲೆನ್ಸ್ ಇನ್ನೂ ಹೆಚ್ಚು.

ಆದ್ದರಿಂದ ಜಗತಿಯ ಅಂಚಿಗೆ ಅಥವಾ ಕೆಳಗಿನ ಅಂಗಳಕ್ಕೆ ಹಿಂದೆ ಸರಿದು, 2 ಎಕ್ಸ್ ಅಥವಾ 3 ಎಕ್ಸ್ ಆರಿಸಿಕೊಳ್ಳಿ. ನಿಮ್ಮ ಮೊಬೈಲಿಗೆ ಪ್ರತ್ಯೇಕ ಟೆಲಿಫೋಟೊ ಲೆನ್ಸ್ ಇದ್ದರೆ ಅದು ನಿಜವಾದ ಜೂಮ್. ಇಲ್ಲದಿದ್ದರೂ 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಮೊಬೈಲಿನಲ್ಲಿ 2 ಎಕ್ಸ್‌ವರೆಗೆ ಹೋದರೆ ನಷ್ಟ ಕಡಿಮೆ. ಅದರಾಚೆಗೆ ಎರಡು ಬೆರಳಿನಿಂದ ಹಿಗ್ಗಿಸುವುದು ಇದ್ದ ಚಿತ್ರವನ್ನೇ ಎಳೆದು ದೊಡ್ಡದು ಮಾಡುವುದಷ್ಟೇ. ಅಂಥ ಮೊಬೈಲುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತವೆ. ಒಳ್ಳೆಯ ಬಿಸಿಲಿದ್ದಾಗ ಪೂರ್ಣ 50 ಮೆಗಾಪಿಕ್ಸೆಲ್ ಆಯ್ಕೆಯಲ್ಲಿ ಒಂದು ತೆಗೆದು ನೋಡಿ, ಆಭರಣದ ಕುಸುರಿಯಲ್ಲಿ ವ್ಯತ್ಯಾಸ ಕಾಣಬಹುದು.

ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡವೇ ಬೇಡ. ಅದು ಮೂರ್ತಿಯ ಅಂಚನ್ನು ಊಹಿಸಿ ಉಳಿದದ್ದನ್ನು ಮಸುಕು ಮಾಡುತ್ತದೆ. ಮದನಿಕೆಯ ತಲೆಯ ಮೇಲಿನ ಎಲೆಬಳ್ಳಿಯ ತೋರಣದಲ್ಲಿ ಯಾವುದು ಅಂಚು, ಯಾವುದು ಹಿನ್ನೆಲೆ ಎಂದು ಅದಕ್ಕೆ ತಿಳಿಯದೆ ಅರ್ಧ ಬಳ್ಳಿಯನ್ನೇ ನುಂಗಿಬಿಡುತ್ತದೆ.

ಇಡೀ ಗುಡಿ ಚೌಕಟ್ಟಿಗೆ ಬೇಕೆನ್ನುವವರಿಗೆ ಸೋಮನಾಥಪುರದಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಗುಡಿಯ ಸುತ್ತ ಕಂಬಗಳ ಕೈಸಾಲೆ ಇದೆ. ಹಿಂಬದಿಯ ಸಾಲೆಯಲ್ಲಿ ನಿಂತರೆ ಮೂರೂ ಶಿಖರಗಳು ಸಿಗುತ್ತವೆ, ತಲೆಯ ಮೇಲೆ ನೆರಳೂ ಸಿಗುತ್ತದೆ.

ನಾಲ್ಕನೆಯ ಹಂತ: ಒತ್ತಿ ಹಿಡಿಯಿರಿ, ಕೆಳಕ್ಕೆ ಎಳೆಯಿರಿ

ಬೆಳಕನ್ನು ಅಳೆಯುವಾಗ ಕ್ಯಾಮೆರಾ ಎಲ್ಲವನ್ನೂ ಒಂದು ಸರಾಸರಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಲ್ಲೇ ಇದ್ದರೆ, ಕತ್ತಲಾಯಿತೆಂದು ಭಾವಿಸಿ ಕಲ್ಲನ್ನು ಸಿಮೆಂಟಿನ ಬಣ್ಣಕ್ಕೆ ತರುತ್ತದೆ. ಇದನ್ನು ತಡೆಯಲು ಹೆಚ್ಚಿನ ಮೊಬೈಲುಗಳಲ್ಲಿ ಇರುವ ದಾರಿ ಒಂದೇ. ಮೂರ್ತಿಯ ಮುಖದ ಮೇಲೆ, ಬಿಸಿಲು ಬಿದ್ದ ಕೆನ್ನೆಯ ಕಡೆ, ಬೆರಳಿಟ್ಟು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕಿನ ಪ್ರಮಾಣ ಅಲ್ಲಿಗೇ ಬೀಗ ಬೀಳುತ್ತದೆ. ಪಕ್ಕದಲ್ಲಿ ಸೂರ್ಯನ ಚಿಹ್ನೆ ಕಾಣಿಸುತ್ತದೆ. ಅದನ್ನು ನಿಧಾನವಾಗಿ ಕೆಳಕ್ಕೆ ಎಳೆಯಿರಿ, ಕೆಲವು ಮೊಬೈಲುಗಳಲ್ಲಿ ಪಕ್ಕಕ್ಕೆ ಎಳೆಯಬೇಕಾಗುತ್ತದೆ. ಕೆತ್ತನೆಯ ಸಂದುಗಳು ಮತ್ತೆ ಕಪ್ಪಾಗುವವರೆಗೆ, ಬಿಸಿಲಿನ ಕೆನ್ನೆ ಬೆಳ್ಳಗೆ ಕರಗದೆ ಉಳಿಯುವವರೆಗೆ ಎಳೆದು ನಿಲ್ಲಿಸಿ. ಪರದೆಯ ಮೇಲೆ ಸ್ವಲ್ಪ ಕತ್ತಲೆನಿಸಿದರೂ ಚಿಂತೆಯಿಲ್ಲ. ಕಪ್ಪನ್ನು ಆಮೇಲೆ ಒಂದಿಷ್ಟು ಬೆಳಗಿಸಬಹುದು, ಬೆಳ್ಳಗಾಗಿ ಹೋದ ಜಾಗದಲ್ಲಿ ಮತ್ತೆ ಪಡೆಯಲು ಏನೂ ಉಳಿದಿರುವುದಿಲ್ಲ.

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವಷ್ಟು ವ್ಯವಧಾನ ನಿಮಗಿದ್ದರೆ, ಈ ಹಂತವನ್ನು ನೆನಪಿಡಿ.

ಐದನೆಯ ಹಂತ: ನವರಂಗದ ಒಳಗೆ

ಗುಡಿಯ ಒಳಗಿನ ಕಂಬಗಳ ಮಂಟಪವೇ ನವರಂಗ. ಅಲ್ಲಿಗೆ ಬೆಳಕು ಬಾಗಿಲಿನಿಂದ, ಇಲ್ಲವೇ ಜಾಲಂಧ್ರಗಳೆಂಬ ಕಲ್ಲಿನ ಜಾಲರಿ ಕಿಟಕಿಗಳಿಂದ ಬರಬೇಕು. ತಿರುಗಣೆಗೆ ಹಾಕಿ ನುಣುಪುಗೊಳಿಸಿದಂತಿರುವ ಕಂಬಗಳ ಮೇಲೆ ಆ ಬೆಳಕು ಉಂಗುರ ಉಂಗುರವಾಗಿ ಹೊಳೆಯುತ್ತದೆ. ಕಂಬದ ಮುಂದೆ ನಿಂತು ತೆಗೆಯುವುದನ್ನು ಬಿಟ್ಟು, ಕಂಬ ನಿಮಗೂ ಬಾಗಿಲಿಗೂ ನಡುವೆ ತುಸು ಪಕ್ಕದಲ್ಲಿ ಬರುವಂತೆ ನಿಂತರೆ ಆ ಉಂಗುರಗಳು ಸಿಗುತ್ತವೆ.

ನೈಟ್ ಮೋಡ್ ಕೆಲವು ಸೆಕೆಂಡು ಬೆಳಕನ್ನು ಕೂಡಿಸಿಕೊಳ್ಳುತ್ತದೆ, ಅಷ್ಟೂ ಹೊತ್ತು ಕೈ ಕದಲಬಾರದು. ಮೂರೂ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ, ಟ್ರೈಪಾಡ್ ಊರಲು ಮೊದಲೇ ಅನುಮತಿ ಬೇಕು. ಕೆತ್ತನೆಗೆ ಮೊಬೈಲ್ ಒರಗಿಸುವುದಂತೂ ಸಲ್ಲದು. ನೆಲದ ಮೇಲೆ ಕುಳಿತು ಮೊಣಕೈಗಳನ್ನು ಮಂಡಿಗೆ ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆದರೆ ಸಾಕಷ್ಟು ನಿಶ್ಚಲವಾಗಿ ಬರುತ್ತದೆ.

ನವರಂಗದ ನಡುವಿನ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಚಾವಣಿಯನ್ನು, ಕತ್ತೆತ್ತಿ ತೆಗೆಯುವವರು ಎಷ್ಟು ಪ್ರಯತ್ನಿಸಿದರೂ ಅದು ಸೊಟ್ಟಗೇ ಬರುತ್ತದೆ. ಸುಲಭದ ದಾರಿ ಬೇರೆ ಇದೆ. ಸೆಲ್ಫಿ ಕ್ಯಾಮೆರಾ ಆರಿಸಿ, ಹತ್ತು ಸೆಕೆಂಡಿನ ಟೈಮರ್ ಹಾಕಿ, ಮೊಬೈಲನ್ನು ಸರಿಯಾಗಿ ನಡುವೆ ನೆಲದ ಮೇಲೆ ಅಂಗಾತ ಇಟ್ಟು ಪಕ್ಕಕ್ಕೆ ಸರಿಯಿರಿ. ಜನ ಕಡಿಮೆ ಇರುವಾಗ ಮಾತ್ರ ಇದು ಸಾಧ್ಯ. ಬೇಲೂರಿನಲ್ಲಿ ಈಗಲೂ ನಿತ್ಯ ಪೂಜೆ ನಡೆಯುತ್ತದೆ, ಆದ್ದರಿಂದ ಅಲ್ಲಿ ಅರ್ಚಕರನ್ನು ಒಂದು ಮಾತು ಕೇಳಿಯೇ ಇಡಿ.

ಆರನೆಯ ಹಂತ: ಮನೆಯವರ ಚಿತ್ರ

ಗೋಡೆಗೆ ಬೆನ್ನು ತಾಗಿಸಿ ನಿಂತವರ ಚಿತ್ರದಲ್ಲಿ ಮುಖವೂ ಚಿಕ್ಕದು, ಗುಡಿಯೂ ತುಂಡು. ಅಜ್ಜಿಯನ್ನು ಗುಡಿಯಿಂದ ಹತ್ತು ಹದಿನೈದು ಹೆಜ್ಜೆ ಮುಂದಕ್ಕೆ ಕರೆತಂದು ನಿಲ್ಲಿಸಿ, ನೀವು ಇನ್ನಷ್ಟು ಹಿಂದೆ ಸರಿದು 2 ಎಕ್ಸ್‌ನಲ್ಲಿ ತೆಗೆಯಿರಿ. ಸೂರ್ಯನ ಕಡೆ ಮುಖ ಮಾಡಿಸಿದರೆ ಕಣ್ಣು ಕಿರಿದಾಗುತ್ತದೆ. ಮರದ ನೆರಳು ಅಥವಾ ಮಂಟಪದ ಅಂಚು ಹುಡುಕಿ, ಮುಖ ಬಯಲಿನ ಕಡೆಗಿರಲಿ. ಬೆರಳಿಟ್ಟು ಬೆಳಕನ್ನು ಅಳೆಸುವುದು ಈ ಸಲ ಅಜ್ಜಿಯ ಮುಖಕ್ಕೆ. ಚರ್ಮ ನುಣುಪು ಮಾಡುವ ಬ್ಯೂಟಿ ಆಯ್ಕೆ ಮರೆಯದೆ ಆರಿಸಿ, ಅಜ್ಜಿಯ ಮುಖದ ಗೆರೆಗಳ ಮೇಲೆ ಮೊಬೈಲ್ ಕಂಪನಿಗೆ ಯಾವ ಹಕ್ಕೂ ಇಲ್ಲ.

ಏಳನೆಯ ಹಂತ: ತಿದ್ದುವುದು, ಕಳಿಸುವುದು

ತಿದ್ದಲು ಮೊಬೈಲಿನ ಗ್ಯಾಲರಿಯಲ್ಲಿರುವ ಸಾಧನಗಳೇ ಸಾಕು. ಮೊದಲು ಕಂಬವನ್ನು ನೆಟ್ಟಗೆ ಮಾಡಿ, ಬೇಡದ ಅಂಚು ಕತ್ತರಿಸಿ. ಆಮೇಲೆ ಕಾಂಟ್ರಾಸ್ಟ್ ತುಸು ಏರಿಸಿ. ಶಾರ್ಪ್‌ನೆಸ್ ಹೆಚ್ಚಿಸುವ ಆಸೆ ಎಲ್ಲರಿಗೂ ಆಗುತ್ತದೆ, ಅತಿಯಾದರೆ ಕಲ್ಲಿಗೆ ಮರಳು ಉಜ್ಜಿದಂತಾಗುತ್ತದೆ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಬೆಳಕು ಓರೆಯಾಗಿದ್ದ ಚಿತ್ರ ಅದರಲ್ಲೂ ಚೆನ್ನಾಗಿಯೇ ಕಾಣುತ್ತದೆ, ನೇರ ಬೆಳಕಿನದು ಬೂದು ಹಲಗೆಯಾಗುತ್ತದೆ.

ಒಂದು ಮೂರ್ತಿಯ ಚಿತ್ರ ತೆಗೆದ ಕೂಡಲೇ ಅದೇ ಜಾಗದಿಂದ ಸುತ್ತಲಿನ ಗೋಡೆಯನ್ನೂ ಒಂದು ಅಗಲ ಚಿತ್ರದಲ್ಲಿ ಹಿಡಿದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಇದು ಯಾವ ಬದಿಯ ಯಾವ ಮೂರ್ತಿ ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಈ ಮೂರು ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆವರಣದ ಫಲಕಗಳ ಚಿತ್ರವನ್ನೂ ಮೊದಲೇ ತೆಗೆದಿಟ್ಟರೆ ಹೆಸರು, ಕಾಲ ಹುಡುಕಲು ಅನುಕೂಲ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಚಿತ್ರ ಕುಗ್ಗಿ ಹೋಗುತ್ತದೆ, ಮೊದಲು ಕಾಣೆಯಾಗುವುದು ಕುಸುರಿಯೇ. ಲಗತ್ತಿಸುವಾಗ ಫೋಟೊ ಎಂಬುದರ ಬದಲು ಡಾಕ್ಯುಮೆಂಟ್ ಎಂಬುದನ್ನು ಆರಿಸಿ ಅಲ್ಲಿಂದ ಚಿತ್ರ ಕಳಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ. ಮುದ್ರಿಸಿ ಗೋಡೆಗೆ ಹಾಕುವ ಯೋಚನೆಯಿದ್ದರೆ ಸ್ಟುಡಿಯೊದವರಿಗೆ ಕೊಡಬೇಕಾದದ್ದೂ ಈ ಮೂಲ ಕಡತವನ್ನೇ.