ನಿವೃತ್ತಿಯಾದ ಮೇಲೆ ಮಗಳ ಜೀವನಾಂಶ: ನನ್ನ ಅನುಭವ

ದಾಖಲೆಯಲ್ಲಿ ನಾನು ಹುಟ್ಟಿದ್ದು ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ನನ್ನ ತಲೆಮಾರಿನ ಅರ್ಧ ಕಚೇರಿ ಅವತ್ತೇ ಹುಟ್ಟಿದೆ! ಹಾಗಾಗಿ 2025ರ ಮೇ 31ಕ್ಕೆ ಸರ್ಕಾರಿ ನೌಕರಿ ಮುಗಿಯುತ್ತದೆ ಅನ್ನುವುದು ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಮದುವೆಯಾಗಿದ್ದು ತಡ. ನಾನು ನಿವೃತ್ತನಾಗುವಾಗ ಮಗಳಿಗೆ ಹದಿನೈದು. ವಿಚ್ಛೇದನದ ನಂತರ ಅವಳು ತಾಯಿಯ ಹತ್ತಿರ ಇದ್ದಾಳೆ. ತಾಯಿ ಶಿಕ್ಷಕಿ, ತಮಗೆಂದು ಏನೂ ಕೇಳಿರಲಿಲ್ಲ. ಮಗಳಿಗೆ ತಿಂಗಳಿಗೆ 14,000 ರೂಪಾಯಿ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯದ ಆದೇಶವಿತ್ತು. ಅದು ಸಂಬಳದ ಬಿಲ್ಲಿನಲ್ಲೇ ಕಟಾವಾಗಿ ಹೋಗುತ್ತಿತ್ತು.

"ಸಂಬಳವೇ ಇಲ್ಲ ಅಂದಮೇಲೆ ಮೇಂಟೆನೆನ್ಸ್ ಎಲ್ಲಿಂದ ಬಂತು ಸಾರ್, ತಾನಾಗೇ ನಿಲ್ಲುತ್ತೆ" ಎಂದು ಕಚೇರಿಯಲ್ಲಿ ಧೈರ್ಯ ಹೇಳಿದವರು ಬಹಳ ಜನ. ನಿಲ್ಲುವುದು ಕಟಾವು ಮಾತ್ರ. ನ್ಯಾಯಾಲಯ ಬದಲಿಸುವ ತನಕ ಆದೇಶ ಹಾಗೇ ಇರುತ್ತದೆ, ಕೊಡದಿದ್ದರೆ ಹಳೇ ದರದಲ್ಲೇ ಬಾಕಿ ಬೆಳೆಯುತ್ತದೆ. ಗ್ರಾಚ್ಯುಟಿ, ಪಿಂಚಣಿಯನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸದಂತೆ ಕಾನೂನಿನ ರಕ್ಷಣೆ ಇದೆ ನಿಜ. ಅದನ್ನು ನಂಬಿಕೊಂಡು ಕೂತವರಿಗೆ, ಜೀವನಾಂಶದ ಬಾಕಿಗೆ ವಾರಂಟ್ ಹೊರಡಿಸಿ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ ಎಂಬುದು ನೆನಪಾಗುವುದಿಲ್ಲ.

ಆದ್ದರಿಂದ ಕಟಾವು ನಿಂತ ತಿಂಗಳಿನಿಂದಲೇ ನನ್ನ ಖಾತೆಯಿಂದ ಮಗಳ ತಾಯಿಯ ಖಾತೆಗೆ ಅಷ್ಟೇ ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ. ಪಿಂಚಣಿ ಶುರುವಾಗುವವರೆಗೆ ಗಳಿಕೆ ರಜೆಯ ನಗದಿನಿಂದ ಹೋಯಿತು. ಕಡಿಮೆ ಮಾಡಿ ಎಂದು ಕೇಳಲು ಹೋಗುವವನ ಪಾಸ್‌ಬುಕ್ಕಿನಲ್ಲಿ ಒಂದು ತಿಂಗಳೂ ತಪ್ಪಿರಬಾರದು. ನ್ಯಾಯಾಧೀಶರು ಮೊದಲು ನೋಡಿದ್ದೂ ಅದನ್ನೇ.

ಅರ್ಜಿ ಹಾಕಿದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಅಡಿ. 2024ರ ಜುಲೈ 1ಕ್ಕೆ ಮೊದಲು ಇದೇ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 127 ಆಗಿತ್ತು, ಕೋರ್ಟ್ ಆವರಣದಲ್ಲಿ ಇವತ್ತಿಗೂ "ಒನ್ ಟ್ವೆಂಟಿ ಸೆವೆನ್" ಅಂತಲೇ ಕರೆಯುತ್ತಾರೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ಮೊತ್ತವನ್ನು ಹೆಚ್ಚು ಕಡಿಮೆ ಮಾಡಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಲ್ಲದೆಯೂ ವಾದಿಸಬಹುದು. ಕಡತ ನೋಡಿಯೇ ಹೊಟ್ಟೆ ಹೊರೆದವನು ನಾನು, ನಾನೇ ನಿಂತೆ.

ನಿಜವಾದ ಕೆಲಸವೆಲ್ಲ ಅಫಿಡವಿಟ್‌ನಲ್ಲಿ. 2020ರ ನವೆಂಬರ್‌ನಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಇಬ್ಬರೂ ಆಸ್ತಿ ಮತ್ತು ಹೊಣೆಗಳ ವಿವರವನ್ನು ಪ್ರಮಾಣ ಮಾಡಿ ಕೊಡಬೇಕು. ಕೊನೆಯ ವೇತನ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ, ಗ್ರಾಚ್ಯುಟಿ, ಜಿಪಿಎಫ್ (ಭವಿಷ್ಯ ನಿಧಿ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಊರಲ್ಲಿರುವ ಅಡಿಕೆ ತೋಟದ ಪಹಣಿ, ಎಲ್ಲ ಲಗತ್ತಿಸಿದೆ. ಪಹಣಿ ಯಾಕೆ ಬೇಕಿತ್ತು ಎಂದು ತಮ್ಮ ಗೊಣಗಿದ. ಜಂಟಿ ಹೆಸರಿನ ಜಮೀನು ನಾವು ಮುಚ್ಚಿಟ್ಟರೆ ಎದುರಿನ ವಕೀಲರು ಆನ್‌ಲೈನಿನಲ್ಲಿ ತೆಗೆದು ತೋರಿಸುತ್ತಾರೆ, ಆಮೇಲೆ ನಾವು ಹೇಳಿದ ಬೇರೆ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಜಟಾಪಟಿ ಆಗಿದ್ದು ಕಮ್ಯುಟೇಶನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಇಡಿಗಂಟಾಗಿ ಮೊದಲೇ ಪಡೆಯುವ ವಿಷಯದಲ್ಲಿ. ನನಗೆ ಮಂಜೂರಾದ ಮೂಲ ಪಿಂಚಣಿ 36,000. ಮೂರನೇ ಒಂದು ಭಾಗ ಪರಿವರ್ತನೆ ಮಾಡಿಸಿ ಇಡಿಗಂಟು ತೆಗೆದುಕೊಂಡಿದ್ದೆ. ಕೈಗೆ ಬರುವುದು 24,000 ಮತ್ತು ತುಟ್ಟಿಭತ್ಯೆ. ಅರ್ಜಿಯಲ್ಲಿ ಎರಡೂ ಅಂಕಿ ಬರೆದಿದ್ದೆ, ವಾದ ಮಾತ್ರ ಕೈಗೆ ಬರುವುದರ ಮೇಲೆ ಕಟ್ಟಿದ್ದೆ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಆ 12,000 ಯಾರೂ ಕಿತ್ತುಕೊಂಡಿಲ್ಲವಲ್ಲ, ಮುಂಗಡವಾಗಿ ನೀವೇ ತಗೊಂಡಿದ್ದೀರಿ. ಆ ಗಂಟು ಎಲ್ಲಿದೆ?" ಬ್ಯಾಂಕಿನ ಠೇವಣಿಯಲ್ಲಿತ್ತು, ರಸೀದಿಯೂ ಕಡತದಲ್ಲಿತ್ತು. ಲೆಕ್ಕ ಹಾಕುವಾಗ ಅವರು 36,000ವನ್ನೇ ಹಿಡಿದರು. ನನಗೆ ಅದು ನ್ಯಾಯವೆಂದೇ ಕಂಡಿತು.

ಎದುರಿನ ವಕೀಲರು 2015ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಿದರು. ಸೇನೆಯಿಂದ ನಿವೃತ್ತನಾದವನ ಹೆಂಡತಿಗೆ ಕೆಳ ನ್ಯಾಯಾಲಯ ಕೊಟ್ಟಿದ್ದ 4,000ವನ್ನು, ಗಂಡ ನಿವೃತ್ತನಾದ ಎಂಬ ಕಾರಣಕ್ಕೆ ಹೈಕೋರ್ಟ್ 2,000ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ 4,000 ಮಾಡಿತು. ಅದು ಹೆಂಡತಿಯ ಜೀವನಾಂಶದ ಮಾತಾದರೂ ನಿವೃತ್ತಿಗೆ ಎಷ್ಟು ತೂಕ ಎಂಬ ಪ್ರಶ್ನೆ ಒಂದೇ. ನಾನು ಅರ್ಧ ಕೇಳಿರಲಿಲ್ಲ, 10,000 ಕೇಳಿದ್ದೆ. ವಯಸ್ಸಾಗಿ ನಿವೃತ್ತನಾದವನ ಮಾತಿಗೆ ನ್ಯಾಯಾಲಯ ಕಿವಿಗೊಡುವಂತೆ ತಾನಾಗಿ ಕೆಲಸ ಬಿಟ್ಟವನ ಮಾತಿಗೆ ಕಿವಿಗೊಡುವುದು ಕಷ್ಟ. ಪರಿಚಯದವರೊಬ್ಬರು ಮಕ್ಕಳ ಹಣ ತಪ್ಪಿಸಲೆಂದೇ ಸ್ವಯಂ ನಿವೃತ್ತಿ ತೆಗೆದುಕೊಂಡರು. ದುಡಿಯುವ ಶಕ್ತಿ ಇರುವವನು ದುಡಿದು ಕೊಡಲಿ ಎಂದ ನ್ಯಾಯಾಲಯ ಹಳೇ ಮೊತ್ತವನ್ನು ಒಂದು ರೂಪಾಯಿಯೂ ಇಳಿಸಲಿಲ್ಲ. ಈಗ ನೌಕರಿಯೂ ಇಲ್ಲ, ಬಾಕಿಯೂ ತೀರಿಲ್ಲ.

ನನಗೆ 11,500ಕ್ಕೆ ಇಳಿಯಿತು, ಅರ್ಜಿ ಹಾಕಿದ ದಿನದಿಂದ ಲಾಗೂ. ಅದರ ಜೊತೆ ಪಿಯುಸಿ ಶುಲ್ಕದಲ್ಲಿ ಅರ್ಧವನ್ನು ನೇರವಾಗಿ ಕಾಲೇಜಿಗೆ ಕಟ್ಟಬೇಕು. ಮಗಳಿಗೆ ಹದಿನೆಂಟು ತುಂಬಿದರೆ ಸುರಕ್ಷಾ ಸಂಹಿತೆಯ ಅಡಿಯ ಈ ಆದೇಶ ಮುಗಿಯುತ್ತದೆ, ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಮದುವೆಯಾಗದ, ಸ್ವಂತ ಆದಾಯವಿಲ್ಲದ ಮಗಳು ಆಮೇಲೂ ಕೇಳಬಹುದು. ಇನ್ನೊಂದು ಕೇಸು ಯಾಕೆಂದು, ಡಿಗ್ರಿ ಮುಗಿಯುವವರೆಗೆ ಕೊಡುತ್ತೇನೆಂದು ನ್ಯಾಯಾಲಯಕ್ಕೆ ಕೊಡುವ ಜಂಟಿ ಮೆಮೊಗೆ (ಲಿಖಿತ ಹೇಳಿಕೆಗೆ) ನಾನು, ಮಗಳ ತಾಯಿ ಇಬ್ಬರೂ ಸಹಿ ಹಾಕಿದೆವು. ಕಮ್ಯುಟೇಶನ್‌ನ ಆ ಠೇವಣಿ ಅದಕ್ಕೇ ಮೀಸಲು.