‘ಇದು ಯಾರಿಗಾದ್ರೂ ಹೊಳೆಯುತ್ತೆ’ ಅಂತ ಪೇಟೆಂಟ್ ಆಫೀಸ್ ಅಂದ್ರೆ ಉತ್ತರ ಕೊಡೋದು ಹೇಗೆ?

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಪ್ರೆಸರ್ ಇಟ್ಕೊಂಡವರಿಗೆ ಏರ್ ಡ್ರೈಯರ್ ಒಳಗಿನ ಬಿಳಿ ಗುಂಡುಗಳು ಗೊತ್ತೇ ಇರುತ್ತೆ, ಅಲ್ಯೂಮಿನಾ ಇರಬಹುದು, ಮಾಲಿಕ್ಯುಲರ್ ಸೀವ್ (ಅಣುಗಳನ್ನ ಸೋಸೋ ಸಣ್ಣ ಸಣ್ಣ ರಂಧ್ರಗಳ ವಸ್ತು) ಇರಬಹುದು, ಗಾಳಿಯ ಪಸೆ ಹೀರೋದೇ ಅದರ ಕೆಲಸ. ಇದನ್ನ ಯಾವುದೋ ಉಪ್ಪಿನ ದ್ರಾವಣದಲ್ಲಿ ನೆನೆಸಿ ಕಾಯಿಸಿ ಬಾಳಿಕೆ ಹೆಚ್ಚಿಸಿದೀರಿ, ಪೇಟೆಂಟ್‌ಗೂ ಹಾಕಬೇಕು ಅಂತಿದೀರಿ ಅಂದ್ಕೊಳ್ಳಿ. ‘ಈ ಕಸುಬು ಬಲ್ಲವರಿಗೆ ಇದು ತಾನಾಗೇ ಹೊಳೆಯೋ ವಿಷಯ’ ಅನ್ನೋ ತಕರಾರು ಬಂದೇ ಬರುತ್ತೆ ಅಂತ ಈಗ್ಲೇ ತಯಾರಾಗಿ. ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಕೇಳೋದು ಇದನ್ನೇ.

ಮೊದಲು ಹಳೇದನ್ನ ಹುಡುಕಿ. ಗೂಗಲ್ ಪೇಟೆಂಟ್ಸ್ ಫ್ರೀ ಇದೆ. ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಮಿಲ್ಟನ್ ಅವರ ಜಿಯೋಲೈಟ್ ಎ (ಈ ಸೀವ್ ಮಾಡೋ ವಸ್ತು) ಪೇಟೆಂಟ್ 1959ರದ್ದು. 4ಎ ಅನ್ನೋ ಬಗೆಯ ಸೀವ್‌ನಲ್ಲಿರೋ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕೂರಿಸಿದ್ರೆ ರಂಧ್ರ ಸಣ್ಣದಾಗಿ 3ಎ ಆಗುತ್ತೆ, ನೀರು ಒಳಗೆ ಹೋಗುತ್ತೆ, ಎಥಿಲೀನ್ ಹೋಗಲ್ಲ, ಇದೆಲ್ಲ ಹಳೇ ಮಾತು. ಹಾಗಾಗಿ ‘ನಾನು ಪೊಟ್ಯಾಸಿಯಂ ಹಾಕ್ದೆ’ ಅಂದ್ರೆ ಸಾಲಲ್ಲ.

ಆಮೇಲೆ ಟೆಸ್ಟ್. ನನ್ನ ಪ್ರಕಾರ ಕೇಸ್ ಗೆಲ್ಲೋದೂ ಸೋಲೋದೂ ಇಲ್ಲೇ. ಮೂರು ಬ್ಯಾಚ್ ಇಡಿ: ಏನೂ ಮಾಡದ ಗುಂಡು, ನಿಮ್ಮ ದ್ರಾವಣದಲ್ಲಿ ನೆನೆಸಿ ಕಾಯಿಸಿದ್ದು, ಮತ್ತೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ ಅದೇ ಟೆಂಪರೇಚರ್‌ನಲ್ಲಿ ಅಷ್ಟೇ ಹೊತ್ತು ಕಾಯಿಸಿದ್ದು. ಈ ಮೂರನೇದನ್ನ ತುಂಬಾ ಜನ ಬಿಟ್ಟುಬಿಡ್ತಾರೆ, ಆಗ ಎದುರಿನವರು ‘ಲಾಭ ಬಂದಿದ್ದು ಕಾಯಿಸಿದ್ದರಿಂದ, ಕೆಮಿಕಲ್‌ನಿಂದಲ್ಲ’ ಅಂದ್ರೆ ಬಾಯಿ ಕಟ್ಟುತ್ತೆ. ಗುಂಡಿನ ಸೈಜ್, ಬೆಡ್ (ಗುಂಡು ತುಂಬಿದ ಪದರ) ಎತ್ತರ, ಗ್ಯಾಸ್ ಫ್ಲೋ, ಒಳಬರೋ ತೇವ ಎಲ್ಲಾ ಒಂದೇ ಇರಲಿ, ಡ್ಯೂ ಪಾಯಿಂಟ್ ಮೀಟರ್ (ಹೊರಬರೋ ಗಾಳಿಯ ತೇವ ತೋರಿಸೋದು) ಏರೋಕೆ ಎಷ್ಟು ಹೊತ್ತು ಹಿಡೀತು ಬರ್ಕೊಳ್ಳಿ, ಹೀರಿದ ತೇವ ಓಡಿಸಿ ಮತ್ತೆ ಮತ್ತೆ ರೀಜನರೇಟ್ ಮಾಡಿ ನೋಡಿ. ಹಳೇ ಪೇಟೆಂಟ್‌ಗಳಲ್ಲಿ ನಿಮ್ಮದಕ್ಕೆ ತೀರಾ ಹತ್ತಿರದ್ದು ಯಾವುದೋ ಅದರ ಜೊತೇನೂ ಹೋಲಿಸಿ. ಈ ಅಂಕಿಗಳು ಅರ್ಜಿ ಹಾಕುವಾಗ್ಲೇ ಅದರೊಳಗೆ ಇರಬೇಕು, ಆಮೇಲೆ ತಂದಿದ್ದಕ್ಕೆ ಅಷ್ಟು ಬಲ ಇರಲ್ಲ. ಅರ್ಜಿ ಹಾಕೋ ತನಕ ಇದನ್ನ ಯೂಟ್ಯೂಬಲ್ಲಿ, ಎಕ್ಸಿಬಿಷನ್ನಲ್ಲಿ ತೋರಿಸೋದು ಬೇಡವೇ ಬೇಡ.

ಎಕ್ಸಾಮಿನೇಷನ್ ರಿಪೋರ್ಟ್ (ಆಫೀಸಿನ ತಕರಾರುಗಳ ಪಟ್ಟಿ) ಬಂದ್ಮೇಲೆ ಉತ್ತರಕ್ಕೆ 6 ತಿಂಗಳು, ಕೇಳ್ಕೊಂಡ್ರೆ ಇನ್ನೂ 3. ಕರ್ನಾಟಕದ ಅರ್ಜಿ ನೋಡೋದು ಚೆನ್ನೈ ಆಫೀಸು. ಎರಡು ಹಳೇ ದಾಖಲೆ ಜೋಡಿಸಿ ‘ಇದು ತಾನಾಗೇ ಹೊಳೆಯುತ್ತೆ’ ಅಂದಿದ್ರೆ, ಅವೆರಡನ್ನ ಜೋಡಿಸೋಕೆ ಆ ದಿನ ಯಾರಿಗೆ ಯಾಕೆ ಅನ್ನಿಸ್ಬೇಕಿತ್ತು ಅಂತ ಕೇಳಿ, ಯಾಕಂದ್ರೆ ನಿಮ್ಮ ಅರ್ಜಿ ಓದಿದ್ಮೇಲೆ ಎಲ್ಲಾ ಸುಲಭವಾಗೇ ಕಾಣುತ್ತೆ. ಹಳೇ ದಾಖಲೆಯಲ್ಲಿ ‘ಈ ಉಪ್ಪು ಹಾಕಿದ್ರೆ ಹೀರೋ ಶಕ್ತಿ ಕಮ್ಮಿಯಾಗುತ್ತೆ’ ಅಂತೇನಾದ್ರೂ ಇದ್ರೆ ಆ ಸಾಲನ್ನೇ ಎತ್ತಿ ತೋರಿಸಿ, ಅದಕ್ಕಿಂತ ಒಳ್ಳೆ ಉತ್ತರ ಇಲ್ಲ. ಪಾತ್ರೆ ಟರ್ನಿಂಗ್ ಮಾಡುವಾಗ ಹಿಡಿದಿಡೋ ಸಾಧನದ ಕೇಸಲ್ಲಿ (ಬಿಶ್ವನಾಥ್ ಪ್ರಸಾದ್, 1978) ಸುಪ್ರೀಂ ಕೋರ್ಟ್ ಬರೀ ವರ್ಕ್‌ಶಾಪ್ ಸುಧಾರಣೆ ಸಾಲಲ್ಲ ಅಂತ ಹೇಳಿದೆ, ಅದನ್ನ ನಿಮ್ಮ ಮುಂದಿಡ್ತಾರೆ, ಆಗ ಆ ಮೂರು ಬ್ಯಾಚಿನ ಟೇಬಲ್ ತೆಗೀರಿ.

ತಿರಸ್ಕಾರ ಆದ್ರೆ ಹೈಕೋರ್ಟ್‌ಗೆ ಅಪೀಲು, ಮುಂಚೆ ಅಪೀಲು ಕೇಳ್ತಿದ್ದ ಐಪಿಎಬಿ ಮಂಡಳಿ 2021ರಲ್ಲೇ ಮುಚ್ಚಿದೆ. ಗ್ರಾಂಟ್‌ಗೆ (ಪೇಟೆಂಟ್ ಕೊಡೋದಕ್ಕೆ) ಮುಂಚೆ ಯಾರು ಬೇಕಾದ್ರೂ ವಿರೋಧ ಹಾಕಬಹುದು, ಗ್ರಾಂಟ್ ಪ್ರಕಟವಾದ್ಮೇಲೂ ಸಂಬಂಧಪಟ್ಟವರಿಗೆ ಒಂದು ವರ್ಷ ಟೈಮ್ ಇದೆ, ಅಲ್ಲೀ ತನಕ ಲ್ಯಾಬ್ ನೋಟ್‌ಬುಕ್ಕು, ತೂಕದ ಚೀಟಿ, ಮೂರೂ ಬ್ಯಾಚಿನ ಒಂದೊಂದು ಹಿಡಿ ಗುಂಡು ಬಿಗಿ ಡಬ್ಬಿಯಲ್ಲಿ ತೆಗೆದಿಡಿ.