ಯು-ಬೋಟ್ ಆಡುವವರೇ, ಕಾನ್ವಾಯ್ ಹಿಂದೆ ಓಡಬೇಡಿ

ಯುದ್ಧದ ಆಟಗಳಲ್ಲಿ ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಸನ್ನಿವೇಶ ಆಡುವಾಗ, ಕಾನ್ವಾಯ್ (ಕಾವಲಿನೊಂದಿಗೆ ಗುಂಪಾಗಿ ಸಾಗುವ ಹಡಗುಗಳು) ಕಂಡ ತಕ್ಷಣ ನಿಮ್ಮ ಯು-ಬೋಟನ್ನು, ಅಂದರೆ ಜರ್ಮನ್ ಸಬ್‌ಮರೀನನ್ನು, ನೀರೊಳಗೆ ಇಳಿಸಬೇಡಿ. ನೀರಿನ ಮೇಲೆಯೇ, ಕಾವಲು ಹಡಗುಗಳಿಗೆ ಕಾಣದಷ್ಟು ದೂರದಿಂದ ಸುತ್ತು ಹಾಕಿ ಕಾನ್ವಾಯ್‌ಗಿಂತ ಮುಂದೆ ಹೋಗಿ. ಆಮೇಲೆ ಅದರ ದಾರಿಯಲ್ಲಿ ಮುಳುಗಿ ಕಾಯಿರಿ. ಟೈಪ್ 7ಸಿ ಎಂಬ ಮಾದರಿಯ ಯು-ಬೋಟ್ ನೀರಿನ ಮೇಲೆ ಸುಮಾರು 17 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಓಡುತ್ತದೆ, ಮುಳುಗಿದರೆ ಹೆಚ್ಚೆಂದರೆ 7.6. ಅಷ್ಟು ವೇಗದಲ್ಲಿ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ನಿಧಾನದ ಕಾನ್ವಾಯ್ ಕೂಡ 7 ನಾಟ್ ಆಸುಪಾಸಿನಲ್ಲಿ ಸಾಗುವುದರಿಂದ ನೀರೊಳಗಿನಿಂದ ಬೆನ್ನಟ್ಟಿದರೆ ಅದು ಕೈಗೆ ಸಿಗುವುದೇ ಇಲ್ಲ. ಮುಂದೆ ಕಾದರೆ ಅದೇ ನಿಮ್ಮ ಹತ್ತಿರ ಬರುತ್ತದೆ, ಹಡಗಿನ ಪಕ್ಕೆಯೂ ಗುರಿಗೆ ಸಿಗುತ್ತದೆ. ಎಂಜಿನ್ ಪೂರ್ತಿ ತಗ್ಗಿಸಿಡಿ, ಸದ್ದು ಕಡಿಮೆಯಾದಷ್ಟೂ ಒಳ್ಳೆಯದು. ಕಾನ್ವಾಯ್ ದಿಕ್ಕು ಬದಲಿಸಿದರೆ ಮಾತ್ರ ಕಾದದ್ದೆಲ್ಲ ದಂಡ. ಅದಕ್ಕೇ ಒಂದೇ ದೋಣಿ ನೆಚ್ಚಿಕೊಳ್ಳದೆ ಎರಡು ಮೂರನ್ನು ಅಡ್ಡಸಾಲಾಗಿ ಹರಡುವುದು ನನಗಿಷ್ಟ. ಸೈನಿಕರನ್ನು ಸಾಗಿಸುತ್ತಿದ್ದ ಬ್ರಿಟಿಷ್ ಹಡಗು ಕ್ವೀನ್ ಮೇರಿಯಂಥ 28 ನಾಟ್‌ನ ಹಡಗಿಗೆ ಈ ಉಪಾಯ ನಡೆಯದು, ಬಿಟ್ಟುಬಿಡಿ. 1943ರ ನಂತರದ ಸನ್ನಿವೇಶಗಳಲ್ಲಂತೂ ರೇಡಾರ್ ಹೊತ್ತ ವಿಮಾನಗಳು ರಾತ್ರಿಯಲ್ಲೂ ಹುಡುಕಿ ಹೊಡೆಯುತ್ತವೆ, ನೀರಿನ ಮೇಲೆ ಓಡುವುದೇ ಆತ್ಮಹತ್ಯೆ.